ಮೂಗಿನ ಮೇಲಿನ ಸಿಟ್ಟು

ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಕಿವಿಗೆ ಒಂದು ಮಾತು ಬೀಳುತ್ತದೆ. ಈಗಿನ ಹುಡುಗಿಯರು ಫೋನಿನಿಂದ ಕೆಟ್ಟರು. ಹೊತ್ತು ಹೊತ್ತಿಗೂ ಮುಖ ನೋಡಿಕೊಳ್ಳುವುದೇನು, ಮೂತಿ ಮುಂದೆ ಮಾಡಿ ಪಟ ತೆಗೆದುಕೊಳ್ಳುವುದೇನು, ಅದನ್ನು ಊರಿಗೆಲ್ಲ ತೋರಿಸಿ ಎಷ್ಟು ಜನ ಮೆಚ್ಚಿದರೆಂದು ಎಣಿಸುವುದೇನು! ಒಯ್ಯಾರ ಹೆಚ್ಚಾಯಿತು, ಕೆಲಸ ಕಡಿಮೆಯಾಯಿತು. ಪಕ್ಕದ ಎಲೆಯವರು ತಲೆಯಾಡಿಸುತ್ತಾರೆ, ಎದುರಿನ ಸಾಲಿನವರು ತಮ್ಮ ಮನೆಯ ಉದಾಹರಣೆ ಕೊಡುತ್ತಾರೆ, ಅಷ್ಟರಲ್ಲಿ ಪಾಯಸ ಬರುತ್ತದೆ.

ಫೋನು ಕೆಡಿಸಿದೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಕಟಕಟೆಯಲ್ಲಿ ಹುಡುಗಿಯನ್ನು ನಿಲ್ಲಿಸುವುದರ ಬಗ್ಗೆ ದೊಡ್ಡ ತಕರಾರೇ ಇದೆ. ಒಯ್ಯಾರ ಎಂದರೇನು? ತನ್ನ ಚೆಲುವಿನ ಬಗ್ಗೆ ತನಗೇ ಇರುವ ಸಂತೋಷ. ಅದು ಸ್ವಲ್ಪ ಹೆಚ್ಚಾದರೂ ಯಾರ ಗಂಟೂ ಹೋಗುವುದಿಲ್ಲ. ನಾನು ಕಾಣುತ್ತಿರುವ ಹುಡುಗಿಯರಲ್ಲಿ ಇಲ್ಲದೇ ಇರುವುದು ಅದೇ. ನಾನೊಂದು ತಾಲ್ಲೂಕು ಊರಿನ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವವಳು. ಹದಿನಾರು ಹದಿನೇಳರ ಹುಡುಗಿಯರು ದಿನವಿಡೀ ಕಣ್ಣೆದುರಿಗೇ ಇರುತ್ತಾರೆ. ಅವರು ಫೋನಿನಲ್ಲಿ ಮತ್ತೆ ಮತ್ತೆ ಮುಖ ನೋಡಿಕೊಳ್ಳುವುದು, ನಮ್ಮ ಕಡೆಯ ಹೆಂಗಸರು ಹಾಲು ಉಕ್ಕಿತೇ ಎಂದು ಒಲೆಯ ಕಡೆ ನೋಡುವ ಹಾಗೆ. ಅದು ಖುಷಿಯ ನೋಟವಲ್ಲ, ಆತಂಕದ ನೋಟ.

ಕಳೆದ ವರ್ಷ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಂದಳು. ಫೀಸಿನ ವಿಷಯವಿರಬಹುದು ಎಂದುಕೊಂಡೆ.

"ಮೇಡಂ, ಮೂಗಿನ ಆಪರೇಶನ್‌ಗೆ ಎಷ್ಟಾಗುತ್ತೆ?"

"ಯಾಕಮ್ಮಾ, ಉಸಿರಾಟದ ತೊಂದರೆಯಾ?"

"ಇಲ್ಲ ಮೇಡಂ. ಫೋಟೋದಲ್ಲಿ ತುಂಬ ಅಗಲ ಕಾಣುತ್ತೆ."

ಅವಳ ಅಜ್ಜಿಯನ್ನು ನಾನು ಬಲ್ಲೆ. ಸಂತೆಯಲ್ಲಿ ಸೊಪ್ಪು ಮಾರುವ ಆಕೆಗೂ ಅದೇ ಮೂಗು, ಅದರ ಮೇಲೊಂದು ಏಳು ಹರಳಿನ ಬೇಸರಿ. ಅಂಥ ಮೂಗುತಿ ಕೂರಬೇಕಾದರೆ ಅಂಥ ಮೂಗೇ ಬೇಕು, ಅದು ಬೇರೆ ಮಾತು. ಹುಡುಗಿಗೆ ಸಿಟ್ಟು ಬಂದಿದ್ದು ತನ್ನ ಮೂಗಿನ ಮೇಲೆ. ಆದರೆ ಅವಳು ಫೋಟೋದಲ್ಲಿ ನೋಡಿದ್ದು ಅವಳ ಮೂಗೇ ಅಲ್ಲ. ಹತ್ತಿರವಿದ್ದದ್ದು ದೊಡ್ಡದಾಗಿ, ದೂರವಿದ್ದದ್ದು ಚಿಕ್ಕದಾಗಿ ಕಾಣುವುದು ಕಣ್ಣಿಗೂ ಕ್ಯಾಮೆರಾಕ್ಕೂ ಒಂದೇ ನಿಯಮ. ಮುಖದಲ್ಲಿ ಮುಂದೆ ಚಾಚಿರುವುದು ಮೂಗು. ತೋಳಿನಳತೆಯಲ್ಲಿ ಫೋನು ಹಿಡಿದರೆ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಹತ್ತಿರ ಸಿಗುವುದೂ ಅದೇ. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಇದ್ದದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ, 5 ಅಡಿ ದೂರದಿಂದ ತೆಗೆದರೆ ಈ ದೋಷ ಬಹುಮಟ್ಟಿಗೆ ಇರುವುದಿಲ್ಲ ಎಂದು ಅಮೆರಿಕದ ವೈದ್ಯರು 2018ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಮೂಗಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಈ ಲೆಕ್ಕ ಹಾಕಿದ್ದು. ತಮ್ಮಲ್ಲಿಗೆ ಸೆಲ್ಫಿ ಹಿಡಿದು ಬರುವವರ ಕಾಟಕ್ಕೆ ಅವರೂ ಬೇಸತ್ತಿರಬೇಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆ ನಮ್ಮಲ್ಲಿ ಹಳೆಯದು. ಅದು ಹೀಗೆ ಅಕ್ಷರಶಃ ಬಳಕೆಗೆ ಬಂದೀತೆಂದು ಕಟ್ಟಿದವರು ಊಹಿಸಿರಲಿಕ್ಕಿಲ್ಲ.

ಕ್ಯಾಮೆರಾ ಮೊದಲು ಊನ ಮಾಡುತ್ತದೆ, ಆಮೇಲೆ ಫಿಲ್ಟರು ಬಂದು ಅದನ್ನು ಸರಿಮಾಡುತ್ತದೆ. ಗುಂಡಿ ಒತ್ತಿದ ಕೂಡಲೇ ಮೂಗು ಸಣ್ಣದಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ದವಡೆ ಚೂಪಾಗುತ್ತದೆ, ಚರ್ಮದ ಮೇಲಿನ ಮೊಡವೆ, ಮಚ್ಚೆ, ಸಿಡುಬಿನ ಕಲೆ ಎಲ್ಲವೂ ಗಾರೆ ಬಳಿದ ಗೋಡೆಯ ಹಾಗೆ ನುಣ್ಣಗಾಗುತ್ತವೆ. ಮತ್ತೆ, ಯಾರೂ ಕೇಳದಿದ್ದರೂ, ಬಣ್ಣ ಎರಡು ಮೆಟ್ಟಿಲು ಬೆಳ್ಳಗಾಗುತ್ತದೆ. ಹಾವೇರಿಯ ಹುಡುಗಿಯ ಮೇಲೂ ಮಂಡ್ಯದ ಹುಡುಗಿಯ ಮೇಲೂ ಕುಳಿತುಕೊಳ್ಳುವುದು ಅದೇ ಒಂದು ಮುಖ. ಚೆಂದವೆಂದರೆ ಇದು ಎಂದು ಎಲ್ಲಿಯೋ ಕೂತವರು ಯಂತ್ರಕ್ಕೆ ಕಲಿಸಿಟ್ಟಿದ್ದಾರೆ. ಆ ಪಾಠ ಹೇಳುವಾಗ ನಮ್ಮ ಕಡೆಯ ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ, ನಮ್ಮವರೇನು ಬೇರೆ ಹೇಳುತ್ತಿದ್ದರೇ ಎಂಬ ಅನುಮಾನ ನನಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

2019ರಲ್ಲಿ ಇನ್‌ಸ್ಟಾಗ್ರಾಂ, ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತೆ ತೋರಿಸುವ ಫಿಲ್ಟರುಗಳನ್ನು ತೆಗೆಯುತ್ತೇವೆ ಎಂದಿತು. 2025ರ ಜನವರಿಯಲ್ಲಿ ಹೊರಗಿನವರು ತಯಾರಿಸಿದ ಫಿಲ್ಟರುಗಳನ್ನೆಲ್ಲ ಅದರ ಒಡೆಯರು ನಿಲ್ಲಿಸಿದರು. ಹುಡುಗಿಯರ ಮೇಲಿನ ಕನಿಕರದಿಂದ ಎಂದು ಭಾವಿಸಬೇಡಿ, ಬಂಡವಾಳವನ್ನು ಬೇರೆ ಕಡೆ ಹೂಡಲಿಕ್ಕೆ. ಅಷ್ಟು ಹೊತ್ತಿಗೆ ಫೋನು ತಯಾರಿಸುವವರೇ ಕ್ಯಾಮೆರಾದೊಳಗೆ ಈ ಅಲಂಕಾರವನ್ನು ಇಟ್ಟು ಮಾರತೊಡಗಿದ್ದರು. ಬಾಗಿಲು ಹಾಕಿದರು, ಕಿಟಕಿ ತೆರೆದೇ ಇತ್ತು.

ಈ ವ್ಯಾಪಾರದ ಒಳಗುಟ್ಟು ಗೊತ್ತಾಗದೆ ಹುಡುಗಿಯರನ್ನು ಬೈಯುವುದು ಅನ್ಯಾಯ. ಇಲ್ಲಿ ಮಾರಾಟಕ್ಕಿರುವುದು ನೋಡುವವರ ಹೊತ್ತು. ಎಷ್ಟು ಹೊತ್ತು ನೋಡಿದರೆ ಅಷ್ಟು ಜಾಹೀರಾತು, ಅಷ್ಟು ಹಣ. ಯಾವ ಚಿತ್ರದ ಮೇಲೆ ಕಣ್ಣು ಒಂದು ಕ್ಷಣ ಹೆಚ್ಚು ನಿಂತಿತು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಸೊಂಟ ಸಣ್ಣಗೆ ಮಾಡುವ ವಿಡಿಯೋ ಒಂದನ್ನು ಹುಡುಗಿ ಕುತೂಹಲಕ್ಕೆ ಪೂರ್ತಿ ನೋಡಿದಳೋ, ಅಂಥವೇ ಇನ್ನೂ ಹತ್ತು ಬಾಗಿಲಿಗೆ ಬರುತ್ತವೆ. ಪಕ್ಕದ ಮನೆಯಾಕೆ ದಿನಕ್ಕೆ ಹತ್ತು ಸಲ ಬಂದು, ನಿನ್ನ ಸೊಂಟ ದಪ್ಪ, ನಿನ್ನ ಸೊಂಟ ದಪ್ಪ ಎಂದರೆ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಈ ಪಕ್ಕದ ಮನೆಯಾಕೆ ದಿಂಬಿನ ಕೆಳಗಿದ್ದಾಳೆ.

ಇದು ಗೊತ್ತಿಲ್ಲದೆ ಆದದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪತ್ರಿಕೆಯೊಂದು ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳನ್ನು ಬಯಲಿಗೆ ತಂದಿತು. ಅಲ್ಲೇ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಹೌಗನ್ ಎಂಬ ಹೆಣ್ಣುಮಗಳು ಅವುಗಳನ್ನು ಹೊರಗೆ ಕೊಟ್ಟವಳು. ತಮ್ಮ ಮೈಯ ಬಗ್ಗೆ ಮನಸ್ಸು ಕೆಟ್ಟಿದ್ದಾಗ ಇನ್‌ಸ್ಟಾಗ್ರಾಂ ನೋಡಿ ಅದು ಇನ್ನಷ್ಟು ಕೆಟ್ಟಿತು ಎಂದು ಹೇಳಿದ ಹದಿಹರೆಯದ ಹುಡುಗಿಯರು ನೂರಕ್ಕೆ 32. ಲೆಕ್ಕ ಕಂಪನಿಯದೇ, ಹೊರಗಿನವರದಲ್ಲ. ಕಂಪನಿ ಕೊಟ್ಟ ಸಮಾಧಾನವೇನೆಂದರೆ, ಉಳಿದವರಲ್ಲಿ ಬಹಳ ಜನ ಏನೂ ಆಗಲಿಲ್ಲ ಎಂದಿದ್ದಾರೆ, ಕೆಲವರು ಒಳ್ಳೆಯದೇ ಆಯಿತು ಎಂದಿದ್ದಾರೆ ಎಂದು. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಿಂಡಿ ತಿಂದ ಮೂವರಲ್ಲಿ ಒಬ್ಬರಿಗೆ ವಾಂತಿಯಾದರೆ, ಇನ್ನಿಬ್ಬರು ಆರಾಮಾಗಿದ್ದಾರಲ್ಲ ಎಂದು ಮಾಲೀಕರು ಹೇಳಿ ನೋಡಲಿ! ಪುರಸಭೆಯವರು ಬರುವ ಮೊದಲು ಜನವೇ ಬಾಗಿಲು ಹಾಕಿಸುತ್ತಾರೆ.

ಚಿತ್ರ ನೋಡಿದ ಮಾತ್ರಕ್ಕೆ ಅಷ್ಟಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಫಿಜಿಯ ಕಥೆ ಹೇಳುತ್ತೇನೆ. ಶಾಂತಸಾಗರದ ಆ ದ್ವೀಪದಲ್ಲಿ ಮೂಲನಿವಾಸಿಗಳಿಗೆ ಮೈತುಂಬಿಕೊಂಡ ಹೆಣ್ಣೇ ಚೆಂದ. ತೂಕ ಇಳಿದರೆ ಮನೆಯಲ್ಲಿ ಚಿಂತೆ, ಬಂಧುಗಳಿಂದ ಔಷಧಿ. ನಡ್ರೋಗ ಎಂಬ ಪ್ರಾಂತಕ್ಕೆ ಟೆಲಿವಿಷನ್ ಬಂದದ್ದು 1995ರಲ್ಲಿ. ಆನ್ ಬೆಕರ್ ಎಂಬ ಹಾರ್ವರ್ಡಿನ ವಿದ್ವಾಂಸೆ ಆ ವರ್ಷವೇ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದರು, 1998ರಲ್ಲಿ ಮತ್ತೆ ಹೋದರು. ತೂಕ ಇಳಿಸಲಿಕ್ಕೆಂದು ತಿಂದದ್ದನ್ನು ಬೆರಳು ಹಾಕಿ ಕಾರಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರೇ ವರ್ಷಕ್ಕೆ ನೂರಕ್ಕೆ 11 ಹುಡುಗಿಯರು ಹಾಗೆ ಮಾಡುತ್ತಿದ್ದರು. ನೂರಕ್ಕೆ 74 ಜನ, ತಾವು ದಪ್ಪ ಎಂದು ಅನಿಸುತ್ತದೆ ಎಂದರು. ಹೊಸದಾಗಿ ಬಂದದ್ದು ಮನೆಗೊಂದು ಕೂಡ ಇಲ್ಲದ ಟಿ.ವಿ.ಯ ಕೆಲವೇ ಧಾರಾವಾಹಿಗಳು. ಈಗ ನಮ್ಮ ಹುಡುಗಿಯರ ಕೈಯಲ್ಲಿರುವುದನ್ನು ಅದಕ್ಕೆ ಹೋಲಿಸಿ ನೋಡಿ. 2020ರ ಜೂನಿನಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮಿನವರು ರೀಲ್ಸ್ ಹಿಡಿದು ಬಂದರು. ನಡುವೆ ಒಂದು ತಿಂಗಳ ಬಿಡುವೂ ಸಿಗಲಿಲ್ಲ.

ಈಗ ನಮ್ಮ ಅನುಮಾನಕ್ಕೆ ಬರೋಣ. ಪಂಕ್ತಿಯಲ್ಲಿ ಕೂತು ಫೋನನ್ನು ಬೈದ ಹಿರಿಯರು ಹೆಣ್ಣು ನೋಡಲು ಹೋದಾಗ ಏನು ಮಾಡಿದ್ದರು? ಉಪ್ಪಿಟ್ಟು ಕೇಸರಿಬಾತು ತಿಂದು, ಹುಡುಗಿಯನ್ನು ನಡೆಸಿ ನೋಡಿ, ಜಡೆ ಬಿಚ್ಚಿಸಿ ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಲಕ್ಷಣವಾಗಿದ್ದಾಳೆ, ಬಣ್ಣವೇ ಒಂಚೂರು ಕಡಿಮೆ ಎಂದವರು ಯಾರು? ಬಸುರಿಯ ಹಾಲಿಗೆ ಕೇಸರಿ ಹಾಕಿದವರು, ಹುಟ್ಟಿದ ಕೂಸಿನ ಕಿವಿಯ ಅಂಚು ನೋಡಿ ಇವಳು ಮುಂದೆ ಕಪ್ಪಾಗುತ್ತಾಳೆ ಎಂದು ಭವಿಷ್ಯ ನುಡಿದವರು ಯಾರು? ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು ಎಂದು ಕಪ್ಪಿಗೆ ಇಷ್ಟೊಂದು ಸಮಾಧಾನದ ಹೆಸರುಗಳನ್ನು ಯಾವ ಕಂಪನಿಯೂ ಕಟ್ಟಿಕೊಡಲಿಲ್ಲ. ಪಾಂಚಾಲಿಗೆ ಕೃಷ್ಣೆ ಎಂದೇ ಹೆಸರು, ಮೈಬಣ್ಣದಿಂದ ಬಂದದ್ದು. ಕಪ್ಪುಕಲ್ಲಿನ ದೇವಿಗೆ ಎಣ್ಣೆ ಹಚ್ಚಿ, ಆಹಾ ಎಂಥ ಕಳೆ ಎಂದು ಕೈಮುಗಿದು ಮನೆಗೆ ಬಂದವರು, ಸೊಸೆಯಾಗಿ ಬರುವವಳು ಮಾತ್ರ ಕೆಂಪಗಿರಲಿ ಎನ್ನುತ್ತಾರೆ.

ವ್ಯಾಪಾರಿಗಳು ಈ ಹದವಾದ ನೆಲ ನೋಡಿಯೇ ಬಿತ್ತಿದರು. ಫೇರ್ ಅಂಡ್ ಲವ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಬೆಳ್ಳಗಾದ ಮೇಲೆ ಗಂಡು ಸಿಕ್ಕಿತು, ಬೆಳ್ಳಗಾದ ಮೇಲೆ ಕೆಲಸ ಸಿಕ್ಕಿತು ಎಂಬ ಜಾಹೀರಾತುಗಳನ್ನು ನೋಡುತ್ತಲೇ ಎರಡು ತಲೆಮಾರು ಬೆಳೆಯಿತು. 2020ರಲ್ಲಿ, ಅಮೆರಿಕದಲ್ಲಿ ಕಪ್ಪುಜನರ ಚಳವಳಿ ಜೋರಾಗಿದ್ದಾಗ, ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ಬಿಳುಪು ಹೋಗಿ ಹೊಳಪು ಬಂತು. ನಮ್ಮೂರಿನ ಅಂಗಡಿಯಲ್ಲಿ ಜನ ಈಗಲೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ, ಅಂಗಡಿಯವರೂ ಸುಮ್ಮನೆ ಕೊಡುತ್ತಾರೆ.

1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನಲ್ಲಿ ನಡೆದಾಗಿನ ಗಲಾಟೆ ನನ್ನ ವಯಸ್ಸಿನವರಿಗೆ ಮರೆತಿರುವುದಿಲ್ಲ. ರೈತರು ವಿರೋಧಿಸಿದರು, ಮಹಿಳಾ ಸಂಘಟನೆಗಳು ಬೀದಿಗೆ ಬಂದವು, ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಒಯ್ದರು, ಕ್ರೀಡಾಂಗಣದ ಸುತ್ತ ಪೊಲೀಸರ ಕೋಟೆ. ವಿರೋಧಿಸಿದವರಲ್ಲಿ ಹಲವರಿಗೆ ಚಿಂತೆಯಿದ್ದದ್ದು ಉಡುಗೆಯ ಉದ್ದದ ಬಗ್ಗೆ. ಅಳತೆಪಟ್ಟಿ ಹಿಡಿದು ಹೆಣ್ಣನ್ನು ಅಳೆಯುವುದರ ಬಗ್ಗೆ ಮಾತಾಡಿದವರು ಕಡಿಮೆ. ಅವರ ಮಾತು ಸಂಸ್ಕೃತಿ ರಕ್ಷಕರ ಕೂಗಿನಲ್ಲಿ ಕೇಳಿಸಲೂ ಇಲ್ಲ. ಆ ಸ್ಪರ್ಧೆಯಾದರೂ ಒಂದು ಸಂಜೆಗೆ ಮುಗಿಯಿತು. ಅದರಲ್ಲಿ ನಿಂತವರು ತಾವಾಗಿಯೇ ನಿಂತವರು, ಎದುರಿಗೆ ತೀರ್ಪುಗಾರರು ಕಾಣುತ್ತಿದ್ದರು. ಈಗಿನದಕ್ಕೆ ಕೊನೆಯ ಸುತ್ತು ಎಂಬುದೇ ಇಲ್ಲ. ತಾನು ಸ್ಪರ್ಧೆಯಲ್ಲಿದ್ದೇನೆ ಎಂಬುದೇ ನಮ್ಮ ಸೊಪ್ಪಿನಜ್ಜಿಯ ಮೊಮ್ಮಗಳಿಗೆ ಗೊತ್ತಿಲ್ಲ. ಸೋತಿದ್ದೇನೆ ಎಂಬುದಷ್ಟೇ ಗೊತ್ತು.

ಸೋಲಿನ ದಂಡವನ್ನು ಮೈಯೇ ಕಟ್ಟಬೇಕು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಅಪರೂಪದ ಮೂತ್ರಪಿಂಡದ ಕಾಯಿಲೆಯೊಂದು ಒಬ್ಬರ ಹಿಂದೆ ಒಬ್ಬರಲ್ಲಿ ಕಾಣಿಸಿಕೊಳ್ಳುತ್ತಿದೆ. ಕೆದಕಿ ಕೇಳಿದಾಗ ಹೆಚ್ಚಿನವರು ಬಿಳುಪಿನ ಕ್ರೀಮು ಹಚ್ಚಿದವರು. ಡಬ್ಬಿಯ ಮೇಲೆ ತಯಾರಕರ ಸರಿಯಾದ ವಿಳಾಸವಿಲ್ಲ, ಒಳಗೆ ಪಾದರಸ. ಪಾದರಸ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಆದ್ದರಿಂದ ಮುಖ ಬೆಳ್ಳಗಾಗುವುದು ನಿಜ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಸೇರುವುದೂ ಅಷ್ಟೇ ನಿಜ. ನಮ್ಮ ದೇಶದ ನಿಯಮ ಮುಖದ ಕ್ರೀಮಿಗೆ ಪಾದರಸ ಬೆರೆಸುವುದನ್ನು ನಿಷೇಧಿಸಿದೆ. ನಿಯಮ ದೆಹಲಿಯಲ್ಲಿದೆ, ಡಬ್ಬಿ ಹುಡುಗಿಯ ಬ್ಯಾಗಿನಲ್ಲಿದೆ.

ಅದಕ್ಕಿಂತ ಹತ್ತಿರದ್ದು ನಮ್ಮ ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಮುಲಾಮು. ಇಸುಬು, ತುರಿಕೆಗೆ ಕೆಲವು ದಿನ ಹಚ್ಚಲಿಕ್ಕೆಂದು ವೈದ್ಯರು ಕೊಡುವಂಥದ್ದು. ಮುಖಕ್ಕೆ ಹಚ್ಚಿದರೆ ವಾರದೊಳಗೆ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ಗೆಳತಿಯಿಂದ ಗೆಳತಿಗೆ ಹೆಸರು ದಾಟುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗಿ ನೆತ್ತರಿನ ಎಳೆಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ, ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರು ಇದಕ್ಕೊಂದು ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂದಿತು. ನೀವು ಚೀಟಿಯಿಲ್ಲದೆ ಕೇಳಿ ನೋಡಿ, ಗೊತ್ತಾಗುತ್ತದೆ. 2022ರ ಮೇ ತಿಂಗಳಲ್ಲಿ ಕೊಬ್ಬು ಕರಗಿಸುವ ಚಿಕಿತ್ಸೆಗೆಂದು ಬೆಂಗಳೂರಿನ ಖಾಸಗಿ ಆಸ್ಪತ್ರೆ ಸೇರಿದ ಕನ್ನಡ ಕಿರುತೆರೆಯ ನಟಿಯೊಬ್ಬಳು ಸತ್ತೇಹೋದಳು. ಅವಳಿಗೆ 21 ವರ್ಷ. ಚಿತ್ರಗಳಲ್ಲಿ ನೋಡಿದರೆ ಕರಗಿಸಬೇಕಾದ ಕೊಬ್ಬು ಎಲ್ಲಿತ್ತು ಎಂದು ಹುಡುಕಬೇಕು.

ಇವು ಸುದ್ದಿಯಾದವು. ಸುದ್ದಿಯಾಗದ್ದು ಊಟದ ಡಬ್ಬಿಯದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಡಬ್ಬಿಯ ಅನ್ನ ನಾಯಿಗೆ, ರಾತ್ರಿ ಹಸಿವಿಲ್ಲಮ್ಮ. ಒಂದು ತಿಂಗಳಲ್ಲಿ ಎರಡು ಸಲ ನನ್ನ ತರಗತಿಯಲ್ಲೇ ಹುಡುಗಿಯರು ತಲೆಸುತ್ತಿ ಬಿದ್ದಿದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಅಮ್ಮಂದಿರಿಗೆ ಉಣ್ಣಲು ಸಾಲದೆ ಬಂದ ಕಾಯಿಲೆ ಮಕ್ಕಳಿಗೆ ಉಣ್ಣಲು ಹೆದರಿ ಬರುತ್ತಿದೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ತಿಂದ ಹೆಂಗಸರ ಮಗಳ ಕೈಗೆ ಮೊದಲ ಸಲ ತುಂಬಿದ ತಟ್ಟೆ ಬಂದಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸುತ್ತಿದ್ದಾಳೆ. ನನಗೆ ಸಂಕಟವಾಗುವುದು ಇದಕ್ಕೆ.

ಅಲಂಕಾರವೇ ಬೇಡ ಎನ್ನುತ್ತೀರಾ, ಅದು ನಮ್ಮ ಆಯ್ಕೆಯಲ್ಲವೇ ಎಂದು ನನ್ನ ಕಿರಿಯ ಸಹೋದ್ಯೋಗಿ ಜಗಳಕ್ಕೆ ಬಂದಳು. ಅಲಂಕಾರದ ಮೇಲೆ ನನಗೇನೂ ಹಗೆಯಿಲ್ಲ. ಮಲ್ಲಿಗೆಯ ಕಾಲದಲ್ಲಿ ಮೊಳ ಹೂವಿಲ್ಲದೆ ನಾನು ಕಾಲೇಜಿಗೆ ಹೋಗುವವಳಲ್ಲ. ಆದರೆ ಜಡೆಗೆ ಹೂ ಮುಡಿದರೆ ಜಡೆ ಸಾಲದು ಎಂದರ್ಥವಲ್ಲ. ಬಳೆ ತೊಟ್ಟರೆ ಕೈ ಕೆಟ್ಟದ್ದು ಎಂದಲ್ಲ. ಕಾಡಿಗೆ ಕಣ್ಣಿಗೆ ಒತ್ತಾಸೆ, ಕಣ್ಣಿನ ವೈರಿಯಲ್ಲ. ಈಗ ಬಂದಿರುವುದು ಮೈಯನ್ನು ತಿದ್ದುವ, ಕಡಿಮೆ ಮಾಡುವ, ಅಳಿಸುವ ಅಲಂಕಾರ. ಕೊನೆಗೆ ಉಳಿಯುವ ಮುಖದಲ್ಲಿ ಅವಳ ತಾಯಿಯೂ ಇಲ್ಲ, ಅಜ್ಜಿಯೂ ಇಲ್ಲ. ಎಲ್ಲರ ಆಯ್ಕೆಯೂ ಒಂದೇ ಮೂಗಿನ ಮೇಲೆ ಹೋಗಿ ನಿಂತರೆ ಅದನ್ನು ಆಯ್ಕೆ ಎನ್ನುವುದು ಹೇಗೆ?

ನಮ್ಮ ಬೀದಿಯಲ್ಲಿ ಮದುಮಗಳ ಅಲಂಕಾರ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ಬಿಟ್ಟು ಹೋದ ಮೇಲೆ ಈ ಕಸುಬಿನಿಂದಲೇ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ, ರೀಲ್ಸ್ ಹಾಕದಿದ್ದರೆ ಅವಳಿಗೆ ಗಿರಾಕಿಯಿಲ್ಲ. ಅಂಥವರ ಅನ್ನಕ್ಕೆ ಕಲ್ಲು ಹಾಕುವ ಮಾತು ನನ್ನದಲ್ಲ. "ಹುಡುಗಿ ಬಣ್ಣದ್ದೇ ಮೇಕಪ್ ಮಾಡಿದರೆ ತಾಯಂದಿರು ದುಡ್ಡು ಕೊಡಲ್ಲಕ್ಕಾ, ಏನೂ ಮಾಡೇ ಇಲ್ಲ ಅಂತಾರೆ" ಎಂದು ಅವಳೇ ಹೇಳಿದಳು. ಫೋಟೋದವರು ಆಲ್ಬಮ್ಮಿನಲ್ಲಿ ಇನ್ನೊಂದು ಸುತ್ತು ಬಿಳಿ ಮಾಡುತ್ತಾರೆ. ಇತ್ತೀಚಿನ ಯಾವುದಾದರೂ ಮದುವೆಯ ಆಲ್ಬಮ್ ತೆಗೆದು ನೋಡಿ. ಧಾರೆಯ ಚಿತ್ರದಲ್ಲಿ ಮುಖ ಒಬ್ಬಳದು, ಕೈ ಇನ್ನೊಬ್ಬಳದು.

ಹಾಗಾದರೆ ಫೋನು ಕಿತ್ತುಕೊಳ್ಳೋಣವೇ? ಪಂಕ್ತಿಯ ಹಿರಿಯರಿಗೆ ಬಹಳ ಇಷ್ಟವಾದ ಪರಿಹಾರ ಇದು. ಆಸ್ಟ್ರೇಲಿಯ 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರಿಗೆ ಈ ಜಾಲಗಳ ಖಾತೆಯೇ ಕೂಡದು ಎಂದು ಕಾನೂನು ತಂದಿತು. ಅಲ್ಲಿ ತಡೆಯುವ ಹೊಣೆ ಕಂಪನಿಯದು, ತಪ್ಪಿದರೆ ದಂಡವೂ ಕಂಪನಿಗೆ. ನಮ್ಮಲ್ಲಿ ನಿಷೇಧವೆಂದರೆ ಅಪ್ಪನೋ ಅಣ್ಣನೋ ಹುಡುಗಿಯ ಕೈಯಿಂದ ಫೋನು ಕಸಿಯುವುದು. ಫೋನಿನ ಹಿಂದೆಯೇ ಗೆಳತಿಯರು ಹೋಗುತ್ತಾರೆ, ಸ್ಕಾಲರ್‌ಶಿಪ್ಪಿನ ಸಂದೇಶ ಹೋಗುತ್ತದೆ, ದೂರದ ಊರಿನ ಕಾಲೇಜಿನ ಅರ್ಜಿ ಹೋಗುತ್ತದೆ. ಮಾರನೆಯ ತಿಂಗಳು ಗಂಡಿನವರು ನೋಡಲು ಬರುತ್ತಾರೆ. ಇದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇನೆ. ಅದೇ ಹುಡುಗಿಯ ಚಿತ್ರದ ಕೆಳಗೆ ಡುಮ್ಮಿ, ಇದ್ದಿಲು ಎಂದು ಬರೆದ ಹುಡುಗನ ಫೋನು ಅವನ ಜೇಬಿನಲ್ಲೇ ಇರುತ್ತದೆ. ಅವನ ಮನೆಯಲ್ಲಿ ಯಾರೂ ಏನೂ ಕೇಳಿರುವುದಿಲ್ಲ.

ಹಣ ಗಳಿಸುವವರ ಕುತ್ತಿಗೆಗೆ ಗಂಟೆ ಕಟ್ಟಿ ಎಂಬುದು ನನ್ನ ವಾದ. ನಾರ್ವೆ 2021ರಲ್ಲಿ ಕಾನೂನು ಮಾಡಿತು, 2022ರ ಜುಲೈಯಿಂದ ಜಾರಿಗೆ ಬಂತು. ಜಾಹೀರಾತಿನ ಚಿತ್ರದಲ್ಲಿ ಮೈಯ ಆಕಾರವನ್ನೋ ಚರ್ಮವನ್ನೋ ತಿದ್ದಿದ್ದರೆ ಅದರ ಮೇಲೆ ಗುರುತು ಹಾಕಬೇಕು. ದುಡ್ಡು ಪಡೆದು ರೀಲ್ಸ್ ಮಾಡುವವರಿಗೂ ಅದೇ ಕಟ್ಟಳೆ. ಫ್ರಾನ್ಸಿನಲ್ಲಿ 2017ರಿಂದಲೇ ತಿದ್ದಿದ ಜಾಹೀರಾತಿನ ಚಿತ್ರಕ್ಕೆ ಹಾಗೆಂದು ಬರೆಯಬೇಕು. ನಮ್ಮಲ್ಲಿ ಎಣ್ಣೆಯ ಡಬ್ಬಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನು ಬೆರೆಸಿದ್ದಾರೆಂದು ಬರೆಯಬೇಕಂತೆ. ಬೆರೆಸಿದ ಮುಖಕ್ಕೆ ಯಾಕೆ ಬೇಡ? ಗುರುತು ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾನು ನಂಬಿಲ್ಲ. ಸುಳ್ಳು ಹೇಳುವವರು ಸುಳ್ಳು ಎಂದು ಒಪ್ಪಿಕೊಂಡು ಹೇಳಲಿ ಎಂದಷ್ಟೇ.

ಇನ್ನು ನಮ್ಮ ಕೈಯಲ್ಲೇ ಇರುವುದಕ್ಕೆ ಸಂಸತ್ತಿನ ಅಪ್ಪಣೆ ಬೇಕಿಲ್ಲ. ಕಾಲೇಜಿನ ವಾರ್ಷಿಕೋತ್ಸವ ಬಂದರೆ ಅತಿಥಿಗಳಿಗೆ ಆರತಿ ಎತ್ತಲು, ತಟ್ಟೆ ಹಿಡಿಯಲು, ಹಾರ ತಂದುಕೊಡಲು ಎಂಟು ಹುಡುಗಿಯರನ್ನು ಆರಿಸುತ್ತಾರೆ. ಯಾರನ್ನು ಆರಿಸುತ್ತಾರೆಂದು ನಿಮ್ಮ ಊರಿನ ಯಾವ ಕಾಲೇಜಿಗಾದರೂ ಹೋಗಿ ನೋಡಿ. ನಮ್ಮಲ್ಲಿ ಪ್ರತಿ ವರ್ಷ ಅದೇ ನಡೆಯುತ್ತಿದೆ. "ಸ್ವಲ್ಪ ಕಳೆಯಾಗಿರೋರನ್ನ ನೋಡಿ ಮೇಡಂ" ಎನ್ನುತ್ತಾರೆ, ಬಣ್ಣ ಎನ್ನುವುದಿಲ್ಲ. ಭಾಷಣಕ್ಕೆ, ನಿರೂಪಣೆಗೆ ಬೇರೆ ಹುಡುಗಿಯರಾದರೂ ಆದೀತು, ಮುಂದೆ ನಿಲ್ಲುವ ಸಾಲು ಮಾತ್ರ ಬೆಳ್ಳಗಿರಬೇಕು. ಹಿಂದಿನ ಬೆಂಚಿನಲ್ಲಿ ಕೂತವರು ಅದನ್ನು ನೋಡಿ ಕಲಿಯುವ ಪಾಠವನ್ನು ನಾವು ವರ್ಷವಿಡೀ ಹೇಳಿದ ಯಾವ ಪಾಠವೂ ಅಳಿಸುವುದಿಲ್ಲ. ಈ ಸಲ ಹಾಜರಿ ಪುಸ್ತಕದ ಕ್ರಮದಲ್ಲಿ ಮೊದಲ ಎಂಟು ಹೆಸರು ತೆಗೆದುಕೊಳ್ಳಿ, ಮುಂದಿನ ವರ್ಷ ಅಲ್ಲಿಂದ ಮುಂದಿನ ಎಂಟು ಎಂದು ನಾನು ಬರೆದುಕೊಟ್ಟಿದ್ದೇನೆ. ಸಮಿತಿಯವರು ನಕ್ಕರು. ಒಬ್ಬರು, ಅತಿಥಿಗಳು ಶಾಸಕರು, ನೆನಪಿರಲಿ ಎಂದರು. ಫೆಬ್ರವರಿಯ ಸಭೆಯಲ್ಲಿ ತೀರ್ಮಾನವಂತೆ. ಹಾಜರಿ ಪುಸ್ತಕದಲ್ಲಿ ಸೊಪ್ಪಿನಜ್ಜಿಯ ಮೊಮ್ಮಗಳದು ಐದನೆಯ ಹೆಸರು.